ಒಳ್ಳೆಮೆಣಸು ಯಾರಿಗೆ ಒಳ್ಳೆಯದು?

ಪೆರ್ಡೂರಿನ ಆಸುಪಾಸಿನ ಅಡಿಕೆ ತೋಟಗಳಲ್ಲಿ ಮರವನ್ನು ಅಪ್ಪಿಕೊಂಡು ಏರುವ ಬಳ್ಳಿಯ ಕಾಳಿಗೆ ತುಳುವಿನಲ್ಲಿ ಎಡ್ಡೆಮುಂಚಿ ಎಂದು ಹೆಸರು. ಕರಾವಳಿಯ ಕನ್ನಡದಲ್ಲಿ ಒಳ್ಳೆಮೆಣಸು. ಘಟ್ಟದ ಮೇಲಿನವರು ಬಣ್ಣ ನೋಡಿ ಕರಿಮೆಣಸು ಎಂದರು, ಆಕಾರ ನೋಡಿ ಕಾಳುಮೆಣಸು ಎಂದರು; ಇಲ್ಲಿನವರು ಗುಣ ನೋಡಿ ಹೆಸರಿಟ್ಟರು. ಹಾಗೆ ನೋಡಿದರೆ ಈ ಕಾಳಿಗೆ ವಿಶೇಷಣವೇ ಬೇಕಿರಲಿಲ್ಲ. ಒಂದು ಕಾಲದಲ್ಲಿ ಮೆಣಸು ಎಂದರೆ ಇದೊಂದೇ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅಮೆರಿಕದ ಕಡೆಯಿಂದ ಮೆಣಸಿನಕಾಯಿ ಬಂದಿಳಿದು, ಅಡುಗೆಮನೆಯನ್ನೂ ಹೆಸರನ್ನೂ ಒಟ್ಟಿಗೆ ವಶಪಡಿಸಿಕೊಂಡಿತು. ಹಳೆಯದಕ್ಕೆ 'ಒಳ್ಳೆ' ಎಂಬ ಗೌರವ ಉಳಿಯಿತು. ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿಗೆ ಪ್ರವೇಶವಿಲ್ಲ, ಖಾರ ಬೇಕಾದರೆ ಒಳ್ಳೆಮೆಣಸೇ ಆಗಬೇಕು. ಅದೇ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ಕಾರಣಕ್ಕೆ. ಹೆಸರಿನಲ್ಲಿರುವ ಈ ಒಳ್ಳೆಯತನ ಈಚೆಗೆ ಔಷಧದಂಗಡಿಯ ಕಪಾಟಿಗೂ ಏರಿದೆ. ಅರಿಶಿನದ ಮಾತ್ರೆಯ ಡಬ್ಬಿಯ ಮೇಲೆ 'ಕಾಳುಮೆಣಸಿನ ಸಾರದೊಂದಿಗೆ' ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿರುತ್ತದೆ. ತೂಕ ಇಳಿಸುತ್ತದೆ, ಕ್ಯಾನ್ಸರ್ ತಡೆಯುತ್ತದೆ, ರೋಗನಿರೋಧಕ ಶಕ್ತಿ ಕೊಡುತ್ತದೆ ಎಂಬ ಸಂದೇಶಗಳು ದಿನಕ್ಕೆರಡು ಬಾರಿ ಮೊಬೈಲಿಗೆ ಬರುತ್ತವೆ. ಇವನ್ನು ಒಂದೊಂದಾಗಿ ಅಲ್ಲಗಳೆಯುತ್ತ ಕೂರುವುದಕ್ಕಿಂತ, ಮೆಣಸು ದೇಹದೊಳಗೆ ಖಚಿತವಾಗಿ ಮಾಡುವ ಕೆಲಸ ಯಾವುದು ಎಂದು ಹುಡುಕುವುದು ಲಾಭದ ದಾರಿ. ಹುಡುಕಿದರೆ ಸಿಗುವ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಮೆಣಸು ತಾನಾಗಿ ಗುಣಪಡಿಸುವುದು ಕಡಿಮೆ. ತನ್ನ ಜೊತೆಗೆ ಹೊಟ್ಟೆಗೆ ಹೋದದ್ದರ ಹಣೆಬರಹವನ್ನು ಬದಲಾಯಿಸುವುದು ಹೆಚ್ಚು. ಆದ್ದರಿಂದ ಮೆಣಸು ಒಳ್ಳೆಯದೇ ಎಂದು ಕೇಳಿದವರಿಗೆ, ಯಾವುದರ ಜೊತೆಗೆ ಎಂದು ತಿರುಗಿ ಕೇಳದೆ ಉತ್ತರ ಕೊಡುವಂತಿಲ್ಲ.

ಕಾಳಿನ ಒಳಗೆ ಇರುವ ಸರಕು ಎರಡು ಬಗೆಯದು. ಸುವಾಸನೆ ಕೊಡುವುದು ಆವಿಯಾಗುವ ಎಣ್ಣೆ. ಪೈನೀನ್, ಸಬಿನೀನ್, ಲಿಮೊನೀನ್, ಕ್ಯಾರಿಯೊಫಿಲೀನ್ ಮುಂತಾದ ಹತ್ತಾರು ವಸ್ತುಗಳು ಸೇರಿ ಆದ ಈ ಎಣ್ಣೆ ಬಹುಮಟ್ಟಿಗೆ ಸಿಪ್ಪೆಯ ಭಾಗದಲ್ಲಿರುತ್ತದೆ. ಹಾಗಾಗಿಯೇ ಸಿಪ್ಪೆ ತೆಗೆದ ಬಿಳಿಮೆಣಸಿಗೆ ಖಾರ ಉಂಟು, ಆ ಘಮ ಅಷ್ಟಿಲ್ಲ. ಖಾರ ಕೊಡುವುದು ಪಿಪೆರಿನ್ ಎಂಬ ಆಲ್ಕಲಾಯ್ಡ್. ಒಣಕಾಳಿನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 9 ಪಾಲು ಅದೇ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1819ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ. ವಿದ್ಯುತ್ ಹರಿಯುವ ತಂತಿಯ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ತೋರಿಸಿ ಮರುವರ್ಷವೇ ಜಗತ್ಪ್ರಸಿದ್ಧನಾದವನೂ ಇವನೇ; ಆ ಕೀರ್ತಿಯ ಮುಂದೆ ಮೆಣಸಿನ ಕೆಲಸ ಮರೆತುಹೋಯಿತು. ನಾಲಗೆ ಉರಿಯುವುದು ನಿಜವಾದ ಬಿಸಿಯಿಂದಲ್ಲ. ಬಿಸಿ ತಗುಲಿದರೆ ಎಚ್ಚರಿಸಬೇಕಾದ ನರದ ಗ್ರಾಹಕವೊಂದನ್ನು ಪಿಪೆರಿನ್ ಹೋಗಿ ತಟ್ಟುತ್ತದೆ, ಮೆದುಳು ಮೋಸಹೋಗುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದೂ ಅದೇ ಬಾಗಿಲನ್ನು. ಇನ್ನೆರಡು ಗುಣಗಳು ಅಡುಗೆಯವರಿಗೆ ಬೇಕಾದವು. ಪಿಪೆರಿನ್ ಬೆಳಕಿಗೆ ಒಡ್ಡಿಕೊಂಡರೆ ರೂಪ ಬದಲಿಸಿ ಖಾರ ಕಳೆದುಕೊಳ್ಳುತ್ತದೆ. ಗಾಜಿನ ಬಾಟಲಿಯಲ್ಲಿ ಕಿಟಕಿಯ ಬಳಿ ಇಟ್ಟ ಪುಡಿ ಸಪ್ಪೆಯಾಗುವುದಕ್ಕೆ ಇದೂ ಒಂದು ಕಾರಣ. ಮತ್ತೆ, ಅದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಒಂದು ಲೀಟರ್ ತಣ್ಣೀರಿಗೆ ಸುಮಾರು 40 ಮಿಲಿಗ್ರಾಂ ಮಾತ್ರ. ಎಣ್ಣೆ, ತುಪ್ಪ, ಹಾಲಿನ ಕೊಬ್ಬು ಸಿಕ್ಕರೆ ಸರಾಗವಾಗಿ ಕರಗುತ್ತದೆ. ಕುದಿಸಿ ಬಟ್ಟೆಯಲ್ಲಿ ಸೋಸಿದ ಕಷಾಯದಲ್ಲಿ ಘಮವೇನೋ ಬಂದಿರುತ್ತದೆ, ಪಿಪೆರಿನ್ನಿನ ಬಹುಪಾಲು ಚರಟದಲ್ಲೇ ಉಳಿದಿರುತ್ತದೆ. ಪುಡಿಯನ್ನು ತುಪ್ಪದೊಂದಿಗೆ ಕುದಿಸಿ ಹಾಗೆಯೇ ಉಣ್ಣುವ ಮೆಣಸಿನ ಸಾರಿನ ಲೆಕ್ಕ ಬೇರೆ.

ಈಗ ದೇಹದ ಕಡೆಗೆ. ನಾವು ತಿಂದ ಎಷ್ಟೋ ಸಸ್ಯವಸ್ತುಗಳು ದೇಹದ ದೃಷ್ಟಿಯಲ್ಲಿ ಅಪರಿಚಿತರು. ಬಂದ ದಾರಿಯಲ್ಲೇ ಅವರನ್ನು ಹೊರಗೆ ಕಳಿಸಲು ಕರುಳು ಮತ್ತು ಯಕೃತ್ತಿನಲ್ಲಿ ವ್ಯವಸ್ಥೆಯಿದೆ. ಕರುಳಿನ ಗೋಡೆಯಲ್ಲಿರುವ ಒಂದು ಪಂಪು ಒಳಗೆ ನುಗ್ಗಿದ್ದನ್ನು ಮತ್ತೆ ಕರುಳಿಗೇ ಎತ್ತಿ ಹಾಕುತ್ತದೆ. ಕೆಲವು ಕಿಣ್ವಗಳು ವಸ್ತುವನ್ನು ಕತ್ತರಿಸುತ್ತವೆ. ಇನ್ನು ಕೆಲವು ಅದಕ್ಕೆ ಸಕ್ಕರೆಯಂಥ ಬಾಲವೊಂದನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರ ಅಥವಾ ಪಿತ್ತದ ದಾರಿಯಲ್ಲಿ ಸಾಗಹಾಕುತ್ತವೆ. ನಾವು ನುಂಗುವ ಔಷಧಗಳನ್ನೂ ವಿಲೇವಾರಿ ಮಾಡುವುದು ಇದೇ ವ್ಯವಸ್ಥೆ. ಪಿಪೆರಿನ್ ಈ ಮೂರೂ ಕೆಲಸಗಳ ಕೈ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಸಿ.ಕೆ. ಅಟಲ್ ಮತ್ತು ಸಂಗಡಿಗರು ಹಿಡಿದದ್ದು ಈ ಎಳೆಯನ್ನು. ಆಯುರ್ವೇದದ ಯೋಗಗಳಲ್ಲಿ ತ್ರಿಕಟು, ಎಂದರೆ ಶುಂಠಿ, ಮೆಣಸು, ಹಿಪ್ಪಲಿ, ಯಾಕೆ ಇಷ್ಟು ಬಾರಿ ಬರುತ್ತದೆ ಎಂಬುದು ಅವರ ಪ್ರಶ್ನೆ. ಕಫಕ್ಕೂ ಅದೇ, ಅಜೀರ್ಣಕ್ಕೂ ಅದೇ ಎಂದರೆ, ಅದು ಬಹುಶಃ ರೋಗಕ್ಕೆ ಕೊಟ್ಟ ಮದ್ದಲ್ಲ, ಮದ್ದಿಗೆ ಕೊಟ್ಟ ಜೊತೆಗಾರ ಎಂಬ ಊಹೆ. 1981ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಆಡುಸೋಗೆಯ ಸಾರವಾದ ವ್ಯಾಸಿಸಿನ್ ಅನ್ನು ಹಿಪ್ಪಲಿಯೊಂದಿಗೆ ಪ್ರಾಣಿಗಳಿಗೆ ಕೊಟ್ಟಾಗ ರಕ್ತದಲ್ಲಿ ಅದರ ಮಟ್ಟ ಎರಡು ಪಟ್ಟನ್ನೂ ಮೀರಿ ಏರಿತು. ಹಿಪ್ಪಲಿಯ ಖಾರವೂ ಪಿಪೆರಿನ್ನೇ.

ಈ ಕಥೆಯ ಅತ್ಯಂತ ಪ್ರಸಿದ್ಧ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್, ಎಂದರೆ ಅರಿಶಿನದ ಹಳದಿ ವಸ್ತು, ಕೊಟ್ಟು ರಕ್ತ ಪರೀಕ್ಷಿಸಿದರು. ಅದು ರಕ್ತದಲ್ಲಿ ಕಾಣಿಸಲೇ ಇಲ್ಲ ಎನ್ನುವಷ್ಟು ಕಡಿಮೆ. ಅದರ ಜೊತೆ 20 ಮಿಲಿಗ್ರಾಂ ಪಿಪೆರಿನ್ ಕೊಟ್ಟಾಗ ಲಭ್ಯತೆ ಶೇಕಡಾ 2000ದಷ್ಟು ಹೆಚ್ಚಿತು. ಜಗತ್ತಿನ ಅರಿಶಿನ ಮಾತ್ರೆಗಳ ಡಬ್ಬಿಗಳಿಗೆಲ್ಲ ಮೆಣಸು ಹೊಕ್ಕಿದ್ದು ಬಹುಮಟ್ಟಿಗೆ ಈ ಒಂದು ಅಂಕಿಯಿಂದ. ಅಂಕಿ ಸುಳ್ಳಲ್ಲ, ಆದರೆ ಅದನ್ನು ಓದುವ ಕ್ರಮವೊಂದಿದೆ. ಹೆಚ್ಚುಕಡಿಮೆ ಸೊನ್ನೆಯಿಂದ ಹೊರಟರೆ ನೂರಕ್ಕೆ ಎರಡು ಸಾವಿರ ಪಾಲು ಏರಿದರೂ ತಲುಪುವುದು ಸಣ್ಣ ದಿಬ್ಬವನ್ನೇ. ಆ ಏರಿಕೆಯೂ ಮೊದಲ ಒಂದು ಗಂಟೆಯೊಳಗಿನ ಮಾತು. ಲೇಖಕರ ಪಟ್ಟಿಯಲ್ಲಿ ಮುಹಮ್ಮದ್ ಮಜೀದ್ ಅವರ ಹೆಸರಿದೆ; ಪಿಪೆರಿನ್ ಸಾರವನ್ನು ತಯಾರಿಸಿ ಮಾರುವ ಕಂಪನಿಯ ಸ್ಥಾಪಕರು ಅವರು. ಇದರಿಂದ ಪ್ರಯೋಗ ತಪ್ಪಾಗುವುದಿಲ್ಲ, ಓದುಗ ಎಚ್ಚರವಾಗಿರಬೇಕು ಅಷ್ಟೆ. ಮುಂದಿನ ಅಧ್ಯಯನಗಳೆಲ್ಲದರಲ್ಲಿ ಇಷ್ಟು ದೊಡ್ಡ ಏರಿಕೆ ಕಂಡೂ ಇಲ್ಲ. ಇದನ್ನು ಅಡುಗೆಮನೆಯ ಲೆಕ್ಕಕ್ಕೆ ಇಳಿಸಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಒಳ್ಳೆಯ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು. 2 ಗ್ರಾಂ ಬೇಕಾದರೆ ಅರವತ್ತು ಗ್ರಾಂಗೂ ಮಿಕ್ಕಿ ಪುಡಿ ತಿನ್ನಬೇಕು, ಯಾವ ಹುಳಿ, ಪಲ್ಯ, ಬಿಸಿಹಾಲೂ ಅದನ್ನು ಹೊರಲಾರದು. 20 ಮಿಲಿಗ್ರಾಂ ಪಿಪೆರಿನ್‌ಗೆ? ನೂರಕ್ಕೆ ಐದರ ಲೆಕ್ಕದಲ್ಲಿ ಅರ್ಧ ಗ್ರಾಮಿಗಿಂತ ಕಡಿಮೆ ಮೆಣಸು, ಸುಮಾರು ಎಂಟು ಕಾಳು ಸಾಕು. ಪ್ರಯೋಗದ ಅರಿಶಿನ ಊಟದ ಎಲೆಯ ಮೇಲೆ ಎಂದೂ ಬಾರದ ಅರಿಶಿನ, ಪ್ರಯೋಗದ ಮೆಣಸು ಮಾತ್ರ ದಿನನಿತ್ಯದ ಸಾರಿನಲ್ಲೇ ಇರುವ ಮೆಣಸು. ಅರಿಶಿನದ ಮೇಲಿನ ಉತ್ಸಾಹದಲ್ಲಿ ಎಲ್ಲರೂ ಲೆಕ್ಕದ ಮೊದಲ ಅರ್ಧವನ್ನೇ ನೋಡಿದರು. ಗಮನಿಸಬೇಕಾದದ್ದು ಎರಡನೆಯ ಅರ್ಧ: ಅಡುಗೆಯಲ್ಲಿ ಬಳಸುವಷ್ಟು ಮೆಣಸಿಗೂ ದೇಹದ ಬಾಗಿಲನ್ನು ಅಲುಗಿಸುವ ಶಕ್ತಿಯಿದೆ.

ಊಟದ ಮಟ್ಟಿಗೆ ಇದು ಸಂತೋಷದ ಸುದ್ದಿ. 1950ರಿಂದ ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಎಫ್‌ಟಿಆರ್‌ಐ ಎಂದೇ ಕರೆಯುವ ಸಂಸ್ಥೆಯಲ್ಲಿ, ಕೆ. ಶ್ರೀನಿವಾಸನ್ ಮತ್ತು ಸಂಗಡಿಗರು ಸಾಂಬಾರ ಪದಾರ್ಥಗಳ ಮೇಲೆ ದಶಕಗಳ ಕಾಲ ದುಡಿದರು. ಇಲಿಗಳ ಆಹಾರದಲ್ಲಿ ಪಿಪೆರಿನ್ ಸೇರಿಸಿದಾಗ ಮೇದೋಜೀರಕ ಗ್ರಂಥಿಯ ಜೀರ್ಣಕಿಣ್ವಗಳ ಚಟುವಟಿಕೆ ಹೆಚ್ಚುವುದನ್ನು, ಕರುಳು ಬೀಟಾ ಕ್ಯಾರೊಟಿನ್ ಅನ್ನು ಹೆಚ್ಚು ಹೀರಿಕೊಳ್ಳುವುದನ್ನು ಅವರು ತೋರಿಸಿದರು. ದೇಹ ಎ ಅನ್ನಾಂಗವಾಗಿ ಮಾರ್ಪಡಿಸಿಕೊಳ್ಳುವ ಕಚ್ಚಾಮಾಲೇ ಬೀಟಾ ಕ್ಯಾರೊಟಿನ್. ಬಸಳೆ, ಹರಿವೆ, ನುಗ್ಗೆಸೊಪ್ಪು, ಸಿಹಿಗುಂಬಳದಲ್ಲಿ ಅದು ಧಾರಾಳ. ಮನುಷ್ಯರ ಮೇಲಿನ ಪುರಾವೆಯೂ ಉಂಟು. 1999ರ ಒಂದು ಅಧ್ಯಯನದಲ್ಲಿ ಸ್ವಯಂಸೇವಕರು 14 ದಿನ 15 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದರು. ಅದರೊಂದಿಗೆ ಕೇವಲ 5 ಮಿಲಿಗ್ರಾಂ ಪಿಪೆರಿನ್ ಸೇರಿಸಿದಾಗ ರಕ್ತದಲ್ಲಿ ಸೇರ್ಪಡೆಯಾದ ಪ್ರಮಾಣ ಶೇಕಡಾ 60ರಷ್ಟು ಹೆಚ್ಚಾಯಿತು. 5 ಮಿಲಿಗ್ರಾಂ ಎಂದರೆ ಎರಡು ಕಾಳು ಮೆಣಸು. ಇಷ್ಟು ಸಣ್ಣ ಖರ್ಚಿನಲ್ಲಿ ಸೊಪ್ಪಿನ ಸತ್ವ ಇಷ್ಟು ದಕ್ಕುವುದಾದರೆ, ಮೆಣಸಿನ ಪರವಾಗಿ ಮಂಡಿಸಬಹುದಾದ ವಾದಗಳಲ್ಲಿ ಇದಕ್ಕಿಂತ ಗಟ್ಟಿಯದು ನನಗೆ ಕಾಣುವುದಿಲ್ಲ. ಕ್ಯಾನ್ಸರ್, ಬೊಜ್ಜು, ಮರೆವಿನ ವಿಚಾರದಲ್ಲಿ ಕೇಳಿಬರುವ ಮಾತುಗಳು ಹೆಚ್ಚಾಗಿ ಗಾಜಿನ ತಟ್ಟೆಯ ಜೀವಕೋಶಗಳಿಂದಲೂ ಇಲಿಗಳಿಂದಲೂ ಹೊರಟವು. ತಟ್ಟೆಗೆ ಸುರಿಯುವ ಪ್ರಮಾಣ ರಕ್ತದಲ್ಲಿ ಎಂದೂ ಇರುವುದಿಲ್ಲ, ಆದ್ದರಿಂದ ಆ ವಿಷಯ ಇಲ್ಲಿಗೆ ಬಿಡುತ್ತೇನೆ.

ಬಾಗಿಲು ಸಡಿಲಾದರೆ ಒಳ್ಳೆಯವರಷ್ಟೇ ಒಳಗೆ ಬರುತ್ತಾರೆ ಎಂದು ಯಾರು ಹೇಳಿದರು? ಪಿಪೆರಿನ್ ಯಾರ ಗುರುತಿನ ಚೀಟಿಯನ್ನೂ ನೋಡುವುದಿಲ್ಲ. ಬೀಟಾ ಕ್ಯಾರೊಟಿನ್ನಿಗೆ ಮಾಡಿದ ಉಪಕಾರವನ್ನು ಮಾತ್ರೆಗೂ ಮಾಡುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಎಂಬ ಔಷಧ ಬಹಳ ಇಕ್ಕಟ್ಟಿನ ದಾರಿಯಲ್ಲಿ ನಡೆಯುವಂಥದ್ದು. ರಕ್ತದಲ್ಲಿ ಸ್ವಲ್ಪ ಕಡಿಮೆಯಾದರೆ ಸೆಳವು ಮರಳುತ್ತದೆ, ಸ್ವಲ್ಪ ಹೆಚ್ಚಾದರೆ ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ಮಾತು ತೊದಲುತ್ತದೆ. ದೆಹಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ವಯಂಸೇವಕರಿಗೆ ಬೆಣ್ಣೆ ಹಾಕಿದ ಸೂಪ್ ಕೊಟ್ಟು ಆಮೇಲೆ ಈ ಮಾತ್ರೆ ಕೊಟ್ಟರು. ಸೂಪಿನಲ್ಲಿ ಒಂದು ಗ್ರಾಂ ಮೆಣಸಿನ ಪುಡಿ ಇದ್ದಾಗ ಔಷಧದ ಮಟ್ಟ ಹೆಚ್ಚು ಏರಿತು, ಹೊರಹೋಗುವುದು ನಿಧಾನವಾಯಿತು. ಚಂಡೀಗಢದಲ್ಲಿ ಅಪಸ್ಮಾರದ ರೋಗಿಗಳಿಗೇ 20 ಮಿಲಿಗ್ರಾಂ ಪಿಪೆರಿನ್ ಕೊಟ್ಟು ನೋಡಿದ 2006ರ ಅಧ್ಯಯನದಲ್ಲೂ ಫಲಿತಾಂಶ ಇದೇ ದಿಕ್ಕಿನಲ್ಲಿತ್ತು. ರಕ್ತದೊತ್ತಡದ ಪ್ರೊಪ್ರನಲಾಲ್, ದಮ್ಮಿಗೆ ಕೊಡುವ ಥಿಯೋಫಿಲಿನ್ ವಿಷಯದಲ್ಲೂ 1991ರಷ್ಟು ಹಿಂದೆಯೇ ಹೀಗೆ ಕಂಡಿತ್ತು. ಬೆಣ್ಣೆ ಹಾಕಿದ ಮೆಣಸಿನ ಸೂಪ್ ಎಂಬುದನ್ನು ನಮ್ಮ ಕಡೆಯ ಭಾಷೆಗೆ ತಂದರೆ ತುಪ್ಪ ಹಾಕಿದ ಮೆಣಸಿನ ಸಾರು. ಒಂದು ಗ್ರಾಂ ಎಂದರೆ ಇಪ್ಪತ್ತರ ಸುಮಾರಿಗೆ ಕಾಳು. ನಾಲ್ವರ ಸಾರಿಗೆ ಒಂದು ಚಮಚ ಕಾಳು ಹುರಿದು ಕುಟ್ಟಿ ಹಾಕುವ ಮನೆಯಲ್ಲಿ ಒಬ್ಬೊಬ್ಬರ ಪಾಲು ಅದರಿಂದ ಬಹಳ ದೂರವೇನಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅಜ್ಜ ಅಜ್ಜಿಯಂದಿರು ಸಾವಿರ ವರ್ಷ ಮೆಣಸು ತಿಂದರು, ಯಾರಿಗೇನಾಯಿತು? ಈ ಮಾತಿನಲ್ಲಿ ತೂಕವಿದೆ. ಆಹಾರವಾಗಿ ಮೆಣಸು ಸುರಕ್ಷಿತ ಎನ್ನುವುದಕ್ಕೆ ಅಷ್ಟು ದೀರ್ಘ ಬಳಕೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಸಾಕ್ಷಿ ಎಷ್ಟನ್ನು ಹೇಳುತ್ತದೋ ಅಷ್ಟನ್ನೇ ಕೇಳಬೇಕು. ಅಜ್ಜ ಫೆನಿಟಾಯಿನ್ ನುಂಗುತ್ತಿರಲಿಲ್ಲ. ಇಂದು ಪೆರ್ಡೂರಿನಿಂದ ಬಸ್ಸು ಹತ್ತಿದರೆ ಮಣಿಪಾಲದ ದೊಡ್ಡಾಸ್ಪತ್ರೆ ಹತ್ತಿರವೇ. ಎಷ್ಟೋ ಮನೆಗಳಲ್ಲಿ ಬೆಳಗ್ಗೆ, ರಾತ್ರಿ ಎಂದು ವಿಂಗಡಿಸಿದ ಮಾತ್ರೆಯ ಡಬ್ಬಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲೇ ಇದೆ. ಮೆಣಸು ಬದಲಾಗಿಲ್ಲ, ಅದಕ್ಕೆ ಸಿಗುವ ಜೊತೆಗಾರರು ಬದಲಾಗಿದ್ದಾರೆ. ಇನ್ನೂ ಒಂದು ಮಾತು: ಹಿರಿಯರಿಗೆ ಈ ಜೊತೆಗಾರಿಕೆಯ ವಿಷಯ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಮಾಡುವ ಪಾಲೆ ಕಷಾಯಕ್ಕೆ ಬೆಳ್ಳುಳ್ಳಿ, ಓಮದ ಜೊತೆ ಒಳ್ಳೆಮೆಣಸು ಬೀಳುತ್ತದೆ. ಕುಡಿದ ಮೇಲೆ ಮೆಂತೆಯ ಗಂಜಿ. ವರ್ಷಕ್ಕೆ ಒಮ್ಮೆ, ಖಾಲಿ ಹೊಟ್ಟೆಗೆ, ಸಣ್ಣ ಲೋಟದಲ್ಲಿ, ತಂಪು ಮಾಡುವ ಗಂಜಿಯೊಂದಿಗೆ. ಕಹಿಯನ್ನು ಮರೆಸಲು ಮೆಣಸು ಹಾಕಿದರು ಎಂದು ಹೇಳಬಹುದು, ಕಹಿಯನ್ನು ಮೈಗೆ ಹತ್ತಿಸಲು ಎಂದೂ ಹೇಳಬಹುದು. ಆದರೆ ಮರ ಗುರುತಿಸುವಲ್ಲಿ ತಪ್ಪಿ ಹಾಲೆಯ ಬದಲು ಕಾಸರಕದ ತೊಗಟೆ ತಂದರೆ ಪಾತ್ರೆಯಲ್ಲಿರುವುದು ವಿಷ. ಆಗ ಹಾಲೆ ಯಾವುದು, ಕಾಸರಕ ಯಾವುದು ಎಂದು ಮೆಣಸು ಬೇರ್ಪಡಿಸಿ ಕೊಡುವುದಿಲ್ಲ. ಸಂಪ್ರದಾಯದಲ್ಲಿ ಮೆಣಸಿನಷ್ಟೇ ಮುಖ್ಯವಾದದ್ದು ಮರ ಬಲ್ಲವನ ಕಣ್ಣು, ಮತ್ತು ವರ್ಷಕ್ಕೊಂದೇ ಲೋಟ ಎಂಬ ಮಿತಿ. ಈಗ ಕಷಾಯದ ಹೆಸರಿನಲ್ಲಿ ಪೊಟ್ಟಣ ತಂದು ದಿನಾ ಕುಡಿಯುವವರು ಇಟ್ಟುಕೊಂಡದ್ದು ಮೆಣಸನ್ನು, ಬಿಟ್ಟದ್ದು ಮಿತಿಯನ್ನು.

ಮಾತ್ರೆಯ ರೂಪದಲ್ಲಿ ಈ ಮಿತಿ ಮತ್ತಷ್ಟು ಸಡಿಲ. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಆಸ್ಪತ್ರೆಗಳ ಜಾಲವೊಂದು ಅರಿಶಿನದ ಉತ್ಪನ್ನಗಳಿಂದ ಯಕೃತ್ತು ಕೆಟ್ಟ ಹತ್ತು ಜನರ ವಿವರವನ್ನು 2022ರಲ್ಲಿ ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಪರೀಕ್ಷೆಗೆ ಸಿಕ್ಕ ಏಳು ಉತ್ಪನ್ನಗಳಲ್ಲಿ ಮೂರರಲ್ಲಿ ಪಿಪೆರಿನ್ ಕೂಡ ಇತ್ತು. ಹತ್ತರಲ್ಲಿ ಏಳು ಮಂದಿಗೆ ಒಂದೇ ಬಗೆಯ ವಂಶವಾಹಿ ಗುರುತು ಇದ್ದುದರಿಂದ, ಎಲ್ಲರಿಗೂ ಹೀಗಾಗುತ್ತದೆ ಎಂದು ಹೆದರಬೇಕಿಲ್ಲ. ಮೆಣಸೊಂದೇ ಅಪರಾಧಿ ಎನ್ನುವುದಕ್ಕೂ ಇದು ಸಾಲದು. ಆದರೂ ದೇಹ ಹೊರಗೆ ತಳ್ಳಲು ನೋಡುವ ವಸ್ತುವನ್ನು ಊಟದಲ್ಲಿ ಎಂದೂ ಇಲ್ಲದ ಪ್ರಮಾಣದಲ್ಲಿ ತುಂಬಿ, ತಳ್ಳುವ ಕೈಯನ್ನೂ ಕಟ್ಟಿಹಾಕುವ ಮಾತ್ರೆಯನ್ನು 'ನೈಸರ್ಗಿಕ' ಎಂಬ ಒಂದೇ ಪದದ ಬಲದಿಂದ ನಿರುಪದ್ರವಿ ಎಂದು ನಂಬುವುದು ನನಗೆ ಸಾಧ್ಯವಿಲ್ಲ. ಇವೆಲ್ಲ ನಮ್ಮ ಮದ್ದನ್ನು ಹೀಗಳೆಯಲು ಹೊರಗಿನವರು ಹೂಡಿದ ಆಟ ಎನ್ನುವವರೂ ಇದ್ದಾರೆ. ಮೇಲೆ ಬಂದ ಊರುಗಳ ಹೆಸರನ್ನೇ ಅವರು ಮತ್ತೊಮ್ಮೆ ಓದಬಹುದು: ಜಮ್ಮು, ಬೆಂಗಳೂರು, ಮೈಸೂರು, ದೆಹಲಿ, ಚಂಡೀಗಢ. ಮೆಣಸಿನ ಈ ಗುಣವನ್ನು ಕಂಡುಹಿಡಿದವರೂ ಅದರ ಅಪಾಯ ತೋರಿಸಿದವರೂ ಹೆಚ್ಚಾಗಿ ನಮ್ಮವರೇ. ಆ ಗುಣವನ್ನು ಪಳಗಿಸಿ ದುಡಿಸಿಕೊಂಡವರೂ ಹೌದು. ಕ್ಷಯರೋಗದ ರಿಫಾಂಪಿಸಿನ್ ಔಷಧವನ್ನು 450 ಮಿಲಿಗ್ರಾಂ ಕೊಡುವಲ್ಲಿ, 10 ಮಿಲಿಗ್ರಾಂ ಪಿಪೆರಿನ್ ಸೇರಿಸಿ 200 ಮಿಲಿಗ್ರಾಂ ಕೊಟ್ಟರೆ ಸಾಕು ಎಂಬ ಲೆಕ್ಕದ ಮೇಲೆ ತಯಾರಾದ ರಿಸೊರಿನ್ ಎಂಬ ಮಾತ್ರೆಗೆ 2009ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಅಲ್ಲಿ ಮೆಣಸು ಎಷ್ಟು ಎಂದು ಅಳೆದಿದೆ, ಅದಕ್ಕೆ ತಕ್ಕಂತೆ ಔಷಧವನ್ನು ಇಳಿಸಿದೆ.

ಹಾಗಾದರೆ ಅಪಸ್ಮಾರದ ಮಾತ್ರೆ ತೆಗೆದುಕೊಳ್ಳುವವರು ಮೆಣಸಿನ ಸಾರು ಬಿಡಬೇಕೇ? ಬಿಡಬೇಕಿಲ್ಲ. ದೆಹಲಿಯ ಪ್ರಯೋಗ ಒಂದೇ ಹೊತ್ತಿನ ಸೂಪಿನದು. ಪ್ರತಿದಿನ ಒಂದೇ ಹದದಲ್ಲಿ ಮೆಣಸು ಉಣ್ಣುವವರ ವಿಷಯದಲ್ಲಿ ವೈದ್ಯರು ರಕ್ತ ಪರೀಕ್ಷಿಸಿ ನಿಗದಿ ಮಾಡಿದ ಪ್ರಮಾಣದೊಳಗೆ ಆ ಸಾರಿನ ಪ್ರಭಾವವೂ ಸೇರಿಹೋಗಿರುತ್ತದೆ. ತೊಂದರೆ ಬರುವುದು ಹದ ಇದ್ದಕ್ಕಿದ್ದಂತೆ ಬದಲಾದಾಗ: ಆಟಿಯ ಮಳೆ ಹಿಡಿದು, ಶೀತವೆಂದು ಎರಡು ಹೊತ್ತು ಮೆಣಸು, ಹಿಪ್ಪಲಿಯ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಲು ಶುರುಮಾಡಿದಾಗ, ಅಥವಾ ಮಗ ದುಬೈಯಿಂದ ತಂದ ಅರಿಶಿನ ಮೆಣಸಿನ ಮಾತ್ರೆಯ ಡಬ್ಬಿ ತೆರೆದಾಗ. ಬೇರೆ ಏನಾದರೂ ಮದ್ದು ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದರೆ ಹೆಚ್ಚಿನವರ ಉತ್ತರ 'ಇಲ್ಲ'. ಅವರು ಸುಳ್ಳು ಹೇಳುತ್ತಿಲ್ಲ. ಕಷಾಯವೂ ಜೇನಿನಲ್ಲಿ ಕಲಸಿದ ಪುಡಿಯೂ ಅವರ ಪಾಲಿಗೆ ಮದ್ದಿನ ಪಟ್ಟಿಯಲ್ಲಿಲ್ಲ, ಊಟದ ಪಟ್ಟಿಯಲ್ಲಿವೆ. ಎಡ್ಡೆಮುಂಚಿ ಎಷ್ಟು, ಯಾವ ರೂಪದಲ್ಲಿ, ಎಷ್ಟು ದಿನದಿಂದ ಎಂದು ಹೆಸರು ಹಿಡಿದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ, ಮಾತ್ರೆಯ ಪ್ರಮಾಣವೂ ಅದರ ಮೇಲೆ ನಿಂತಿರಬಹುದು.